ಪೆಂಬ್ರಿಜ್ ಮಾದರಿಯ ಮರದ ಸಂತೆ ಮಂಟಪ: ಕಂಬದ ಬುಡ ಹೂಳಬೇಕೇ, ಕಲ್ಲಿನ ಮೇಲೆ ಕೂರಿಸಬೇಕೇ?

ಸಂತೆಮಾಳ, ಗೌರಿಬಿದನೂರು:
ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನ ಪೆಂಬ್ರಿಜ್ ಹಳ್ಳಿಯಲ್ಲಿ 16ನೇ ಶತಮಾನದ ಆರಂಭದ ಸಂತೆ ಮಂಟಪವಿದೆ. ಎಂಟು ಓಕ್ ಕಂಬ, ಸುತ್ತ ಗೋಡೆಯಿಲ್ಲ, ಮೇಲೆ ಕಲ್ಲುಹಂಚು. ಅದೇ ಬಗೆಯಲ್ಲಿ ನಮ್ಮೂರ ಸಂತೆ ಮಾಳದಲ್ಲಿ ಎಂಟು ತೇಗದ ಕಂಬ ನಿಲ್ಲಿಸಿ ಶೀಟ್ ಹೊದಿಸಬೇಕೆಂದಿದ್ದೇವೆ. ಅಲ್ಲಿ ಕಂಬಗಳು ಬರೀ ಕಲ್ಲಿನ ಮೇಲೆ ಕೂತಿವೆ. ನಾವು ಬುಡವನ್ನು 2 ಅಡಿ ಕಾಂಕ್ರೀಟಿನಲ್ಲಿ ಹೂತರೆ ಇನ್ನೂ ಗಟ್ಟಿಯಲ್ಲವೇ?

ಮರಗೆಲಸ:
ದಯವಿಟ್ಟು ಹೂಳಬೇಡಿ. ಮರ ನೀರು ಹೀರುವುದು ಮುಖ್ಯವಾಗಿ ಕತ್ತರಿಸಿದ ತುದಿಯಿಂದ. ಕಾಂಕ್ರೀಟಿನ ಬಟ್ಟಲಲ್ಲಿ ಇಳಿದ ನೀರಿಗೆ ಹೊರದಾರಿಯಿಲ್ಲ. ಮರ ಒಣಗಿ ಕುಗ್ಗಿದಾಗ ಸುತ್ತ ಬಿಡುವ ಸಂದಿಯಲ್ಲೇ ಗೆದ್ದಲು ಹತ್ತುತ್ತದೆ. ಮೇಲೆ ಚೆನ್ನಾಗಿ ಕಾಣುವ ಕಂಬ ನೆಲಮಟ್ಟದಲ್ಲೇ ಪೊಳ್ಳಾಗಿರುತ್ತದೆ. ನೆಲದಿಂದ 9 ಇಂಚು ಎತ್ತರದ ಗ್ರಾನೈಟ್ ಪೀಠ ಇಡಿ, ಅದರ ಅಂಚುಗಳನ್ನು ಹೊರಕ್ಕೆ ಇಳಿಜಾರು ಮಾಡಿ. ಸೂರು ಕಂಬದಿಂದ ಕನಿಷ್ಠ ಎರಡೂವರೆ ಅಡಿ ಆಚೆ ಚಾಚಲಿ.

ಕಂಬ ವಾಲದಂತೆ ತಡೆಯುವುದು ಬುಡವಲ್ಲ, ತಲೆ. ಕಂಬದಿಂದ ತೊಲೆಗೆ ಎರಡೂ ದಿಕ್ಕಿನಲ್ಲಿ ಓರೆ ಆಸರೆ ಕೊಡಿ. ತೊಲೆಯ ನಾಲಿಗೆ (ತುದಿಯನ್ನು ಸಣ್ಣಗೆ ಕೆತ್ತಿದ ಚಾಚು) ಕಂಬದ ಗುಳಿಯೊಳಗೆ ಕೂತ ಮೇಲೆ ಮರದ ಗೂಟ ಹೊಡೆಯಬೇಕು. ನಾಲಿಗೆಯ ತೂತನ್ನು ಕಂಬದ ತೂತಿಗಿಂತ 2-3 ಮಿ.ಮೀ. ನಾಲಿಗೆಯ ಬುಡದ ಕಡೆಗೆ ಸರಿಸಿ ಕೊರೆದರೆ ಗೂಟವೇ ಸಂದನ್ನು ಎಳೆದು ಬಿಗಿಮಾಡುತ್ತದೆ. ಅದಕ್ಕಿಂತ ಹೆಚ್ಚಿಸಿದರೆ ನಾಲಿಗೆ ಸೀಳುತ್ತದೆ. ಇಂಗ್ಲೆಂಡಿನ ಬಡಗಿಗಳು ಹಸಿ ಓಕ್‌ನಲ್ಲೇ ಕೆಲಸ ಮಾಡುತ್ತಿದ್ದರು, ಒಣಗುತ್ತಾ ಸಂದು ತಾನೇ ಬಿಗಿಯುತ್ತಿತ್ತು. ಒಣಗಿದ ತೇಗಕ್ಕೆ ಆ ಅನುಕೂಲವಿಲ್ಲ, ಹಾಗಾಗಿ ಗುಳಿಯ ಅಳತೆ ಕರಾರುವಾಕ್ಕಾಗಿರಲಿ.

ಕಲ್ಲುಕಂಬ, ಚಿಂತಾಮಣಿ:
ಶೀಟಿನ ವಿಷಯ ಯಾರೂ ಎತ್ತಲಿಲ್ಲ. ಪೆಂಬ್ರಿಜ್ ಮಂಟಪಕ್ಕೆ ಮೊದಲು ಮಹಡಿಯೂ ಇತ್ತು. ಅದು ಹೋದ ಮೇಲೂ ಕಲ್ಲುಹಂಚಿನ ಭಾರ ಕಂಬಗಳನ್ನು ಒತ್ತಿ ಹಿಡಿದಿದೆ. ಚದರ ಮೀಟರಿಗೆ 5 ಕೆ.ಜಿ. ಆಸುಪಾಸಿನ ತಗಡು ಹಾಗೆ ಹಿಡಿಯುವುದಿಲ್ಲ. ಗೋಡೆಯಿಲ್ಲದ ಮಂಟಪದಲ್ಲಿ ಏಪ್ರಿಲ್-ಮೇ ಬಿರುಗಾಳಿ ಕೆಳಗಿಂದ ನುಗ್ಗಿ ಚಾವಣಿಯನ್ನೇ ಎತ್ತುತ್ತದೆ. ಮಂಗಳೂರು ಹಂಚು ಹೊದಿಸಿದರೆ ವಾಸಿ. ಶೀಟೇ ಆಗಬೇಕೆಂದರೆ ಕಂಬವನ್ನು ಪೀಠಕ್ಕೆ ಬಿಗಿಯಲು 16 ಮಿ.ಮೀ. ಸ್ಟೇನ್‌ಲೆಸ್ ಸರಳಿಗೆ ದಪ್ಪ ಪಟ್ಟಿ ವೆಲ್ಡ್ ಮಾಡಿಸಿ. ಸರಳು ಪೀಠದೊಳಗೆ 6 ಇಂಚು ಇಳಿದು ಎಪಾಕ್ಸಿ ಅಂಟಿನಲ್ಲಿ ಕೂರಲಿ, ಪಟ್ಟಿ ಕಂಬದ ಸೀಳಿನೊಳಗೆ ಹೋಗಿ ಎರಡು ಬೋಲ್ಟ್ ಬೀಳಲಿ. ಪೀಠವನ್ನೂ ತಳಪಾಯಕ್ಕೆ ಬೆಸೆಯಬೇಕು, ಇಲ್ಲದಿದ್ದರೆ ಕಲ್ಲು ಸಮೇತ ಎದ್ದೀತು.

ಸಂತೆಮಾಳ:
ದ್ರಾಕ್ಷಿ ಚಪ್ಪರದ ಕಲ್ಲುಕಂಬ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನೇ ಹೂತರೆ? ಓರೆ ಆಸರೆ ಜನರ ತಲೆಗೆ ತಾಗೀತೆಂಬ ಚಿಂತೆಯೂ ಇದೆ.

ಕಲ್ಲುಕಂಬ, ಚಿಂತಾಮಣಿ:
ಚಪ್ಪರದ ಕಂಬ ಹೊರುವುದು ಬಳ್ಳಿ ಮತ್ತು ತಂತಿಯನ್ನು. ಕಲ್ಲು ಒತ್ತಡ ತಾಳುತ್ತದೆ, ಬಾಗುವುದನ್ನು ತಾಳುವುದಿಲ್ಲ. ಗಾಳಿಗೆ ಚಾವಣಿ ಪಕ್ಕಕ್ಕೆ ತಳ್ಳಿದರೆ ಸಣ್ಣ ಕಂಬ ನೆಲದ ಹತ್ತಿರವೇ ಮುರಿಯುತ್ತದೆ. ಆಸರೆಯ ಕೆಳತುದಿ ನೆಲದಿಂದ ಆರೂವರೆ ಅಡಿ ಮೇಲಿರಲಿ, ತಲೆಹೊರೆ ಹೊತ್ತವರಿಗಾಗಿ ಎರಡು ಕಡೆಯ ದಾರಿಯಲ್ಲಿ ಏಳೂವರೆ. ತೊಲೆ ಅದಕ್ಕೆ ತಕ್ಕಂತೆ ಮೇಲೇರಬೇಕಾಗುತ್ತದೆ. ಕಂಬ ಕೊಯ್ಸುವ ಮೊದಲೇ ಲೆಕ್ಕ ಹಾಕಿ.