ಮನಿಲಾ ಚೀಟಿ ಕಟ್ಟಿರುವ ಹಳೇ ಕಠಾರಿ, ಇದು ಮೊರೊ ಕ್ರಿಸ್ಸೇನಾ?

ಬೇ_ಏರಿಯಾ_ರಘು: ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಒಬ್ಬರು ಮನೆ ಖಾಲಿ ಮಾಡುವಾಗ ಎರಡು ಫಿಲಿಪೀನ್ಸ್ ಕಠಾರಿ ಕೊಂಡೆ. ಒಂದು ನೇರ ಅಲಗು, ಕೊಂಬಿನ ಹಿಡಿ, ಬೆರಳಿಗೆ ಅಡ್ಡವಾಗಿ ಹಿಡಿಯ ತುದಿವರೆಗೂ ಬಾಗಿರುವ ಹಿತ್ತಾಳೆ ಪಟ್ಟಿ, ಚರ್ಮದ ಒರೆ. ಇನ್ನೊಂದು ಚಿಕ್ಕದು, ಅಲಗು ಹಾವಿನ ಥರ ಅಂಕುಡೊಂಕು. ಮೊದಲನೆಯದಕ್ಕೆ 'ಮನಿಲಾ 1899' ಅಂತ ಚೀಟಿ ಕಟ್ಟಿದೆ. ಮಾರಿದವರು ಎರಡೂ ಮೊರೊ ಕ್ರಿಸ್, ಅಂದರೆ ಅಲ್ಲಿನ ಮೊರೊ ಜನರ ಕತ್ತಿ, ಅಂದರು. ಹೌದಾ? ತುಕ್ಕು ಉಜ್ಜಿ ತೆಗೆಯಲಾ?

ಹಳೇಕಬ್ಬಿಣ: ಉಜ್ಜಬೇಡಿ ಮಾರಾಯ್ರೆ! ಆ ಕಪ್ಪು ಬಣ್ಣ ಹೋದರೆ ಅರ್ಧ ಬೆಲೆ ಹೋಯಿತು. ಸ್ವಲ್ಪ ಎಣ್ಣೆ ಒರೆಸಿಡಿ, ಸಾಕು.

ನೇರ ಇರುವುದು ಮೊರೊ ಅಲ್ಲ. ಮೊರೊಗಳು ದಕ್ಷಿಣದ ಮಿಂಡನಾವೊ, ಸುಲು ಕಡೆಯ ಮುಸ್ಲಿಮರು. ಕೊಂಬಿನ ಹಿಡಿ, ಸ್ಪೇನಿನವರ ಕತ್ತಿಯಲ್ಲಿರುವಂಥ ಕೈಗಾಪು, ಚರ್ಮದ ಒರೆ, ಇವೆಲ್ಲ ಉತ್ತರದ ಲುಜಾನ್ ಕೆಲಸ. ಅಲ್ಲಿ ಇದಕ್ಕೆ ಪುನ್ಯಾಲ್ ಅನ್ನುತ್ತಾರೆ. ಚೀಟಿಗೂ ತಾಳೆಯಾಗುತ್ತೆ, ಯಾಕೆಂದರೆ ಅಮೆರಿಕದವರ ಜೊತೆ ಯುದ್ಧ ಶುರುವಾಗಿದ್ದೇ 1899ರ ಫೆಬ್ರವರಿ 4ರ ರಾತ್ರಿ, ಮನಿಲಾ ಅಂಚಿನಲ್ಲಿ, ಮತ್ತು ಕ್ಯಾಲಿಫೋರ್ನಿಯಾದ ಸ್ವಯಂಸೇವಕ ಪಡೆ ಆಗ ಅಲ್ಲೇ ಇತ್ತು. ಸಿಪಾಯಿಗಳು ಇಂಥವನ್ನು ನೆನಪಿಗೆ ಅಂತ ರಾಶಿ ತಂದಿದ್ದಾರೆ.

ಕೊಡಗು_ಕತ್ತಿ: ಚೀಟಿಯನ್ನು ಸುಮ್ನೆ ನಂಬಬೇಡಿ, ಯಾರು ಬೇಕಾದರೂ ಕಟ್ಟಬಹುದು. ಆದರೆ ಬಿಚ್ಚಿ ಎಸೆಯಲೂ ಬೇಡಿ. ಅಲಗಿನ ಮೇಲೆ 'ಕೆಕೆಕೆ' ಅಥವಾ ತ್ರಿಕೋನ ಕೆತ್ತಿದೆಯಾ? ಅದು ಸ್ಪೇನಿನ ಆಳ್ವಿಕೆ ವಿರುದ್ಧ ಬೊನಿಫಾಸಿಯೊ ಅನ್ನೋ ನಾಯಕ 1892ರಲ್ಲಿ ಕಟ್ಟಿದ ಕಟಿಪುನಾನ್ ಅನ್ನೋ ಗುಪ್ತ ಕ್ರಾಂತಿಕಾರಿ ಗುಂಪಿನ ಗುರುತು. ಅದರ ಹೆಸರಿಗೆ ಜಾಸ್ತಿ ದುಡ್ಡು ಸಿಗುತ್ತೆ ಅಂತ ಈಚೆಗೆ ಕೆತ್ತಿರಲೂಬಹುದು. ಗೀರಿನೊಳಗೆ ಕಬ್ಬಿಣ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಬೇ_ಏರಿಯಾ_ರಘು: ಕೆತ್ತನೆ ಏನೂ ಇಲ್ಲ. ಚಿಕ್ಕದರ ಅಲಗು ಸುಮಾರು 7 ಇಂಚು, ಹಿಡಿಗೆ ಅಲ್ಯೂಮಿನಿಯಂ ಥರದ ಬಳೆ ಇದೆ.

ಹಳೇಕಬ್ಬಿಣ: ಹಾಗಾದರೆ ಅದು ಗುನೊಂಗ್, ಸೊಂಟಕ್ಕೆ ಸಿಕ್ಕಿಸುವ ಮೊರೊ ಕಠಾರಿ. ಮೊರೊಗಳ ಕ್ರಿಸ್ ಅಂದರೆ ಕತ್ತಿಯಷ್ಟು ಉದ್ದ ಇರುತ್ತೆ. ಬಳೆ ನಿಜವಾಗಿಯೂ ಅಲ್ಯೂಮಿನಿಯಂ ಆದರೆ 1899ರ ಆಸೆ ಬಿಡಿ, ಎರಡನೇ ಮಹಾಯುದ್ಧದ ಹೊತ್ತಿಗೆ ಸಿಪಾಯಿಗಳಿಗೆ ಮಾರಲು ಇಂಥವನ್ನು ಬೇಕಾದಷ್ಟು ಮಾಡಿದ್ದರು. ಬೆಳ್ಳಿಯಾದರೆ ಕಪ್ಪಾಗಿರುತ್ತೆ, ನೋಡಿ. ಬಳೆಯ ಹತ್ತಿರದ ಫೋಟೊ ಹಾಕಿ, ಹೇಳುತ್ತೇನೆ.