ಓವರ್‌ಡ್ರೈವ್ ಸೊಲೆನಾಯ್ಡ್ ಪರೀಕ್ಷೆ: ಶಬ್ದ ನಂಬಬೇಡಿ, ಆಂಪಿಯರ್ ನೋಡಿ

ಪ್ರಶ್ನೆ: ಸರ್, ಹಳೇ ಕಾರು, ಲೇಕಾಕ್ ಕಂಪನಿಯ ಎ-ಟೈಪ್ ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ಆರ್‌ಪಿಎಂ ಇಳಿಸುವ ಹೆಚ್ಚುವರಿ ಗೇರ್), 12 ವೋಲ್ಟ್. ಸ್ವಿಚ್ ಹಾಕಿದರೆ ಕೆಳಗಿಂದ ಟಕ್ ಅಂತ ಜೋರು ಶಬ್ದ ಬರುತ್ತೆ, ಆದರೆ ಆರ್‌ಪಿಎಂ ಇಳಿಯಲ್ಲ. ಆಗಾಗ ಫ್ಯೂಸ್ ಕೂಡ ಹೋಗುತ್ತೆ. ಶಬ್ದ ಬರ್ತಿದೆ ಅಂದಮೇಲೆ ಓವರ್‌ಡ್ರೈವ್ ಹಾಕುವ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಎಳೆಯುವ ಅಯಸ್ಕಾಂತ) ಸರಿಯಿದೆ ತಾನೇ? ಗೇರ್‌ಬಾಕ್ಸ್ ಇಳಿಸಬೇಕಾ?

ಉತ್ತರ: ಇಳಿಸುವ ಮಾತು ಈಗಲೇ ಬೇಡ. ಶಬ್ದ ಬಂತು ಅಂದರೆ ಪ್ಲಂಜರ್ (ಸೊಲೆನಾಯ್ಡ್ ಒಳಗೆಳೆಯುವ ಕಬ್ಬಿಣದ ಸರಳು) ಅಲುಗಿತು ಅಂತ ಮಾತ್ರ ಅರ್ಥ, ಪೂರ್ತಿ ಒಳಗೆ ಹೋಯಿತು ಅಂತಲ್ಲ.

ಎ-ಟೈಪ್ ಸೊಲೆನಾಯ್ಡ್ ಒಳಗೆ ಎರಡು ವೈಂಡಿಂಗ್ (ತಂತಿ ಸುರುಳಿ) ಇವೆ. ಪ್ಲಂಜರನ್ನು ಎಳೆಯುವ ದಪ್ಪ ತಂತಿಯ ವೈಂಡಿಂಗ್ 15ರಿಂದ 20 ಆಂಪಿಯರ್ ಕುಡಿಯುತ್ತೆ. ಎಳೆದದ್ದನ್ನು ಹಿಡಿದಿಡುವ ತೆಳು ವೈಂಡಿಂಗ್‌ಗೆ 1–2 ಆಂಪಿಯರ್ ಸಾಕು. ಪ್ಲಂಜರ್ ಕೊನೆ ಮುಟ್ಟಿದ ಕ್ಷಣ ಒಳಗಿನ ಕಾಂಟ್ಯಾಕ್ಟ್ ತೆರೆದುಕೊಂಡು ದಪ್ಪ ವೈಂಡಿಂಗ್ ಕಟ್ ಆಗಬೇಕು. ಪ್ಲಂಜರ್ ಸ್ವಲ್ಪ ಮೊದಲೇ ನಿಂತರೆ ಕಾಂಟ್ಯಾಕ್ಟ್ ತೆರೆಯಲ್ಲ, 20 ಆಂಪಿಯರ್ ಹರಿಯುತ್ತಲೇ ಇರುತ್ತೆ. ಫ್ಯೂಸ್ ಹೋದರೆ ಅದೃಷ್ಟ, ಇಲ್ಲದಿದ್ದರೆ ವೈಂಡಿಂಗೇ ಸುಟ್ಟುಹೋಗುತ್ತೆ. ನಿಮ್ಮ ಲಕ್ಷಣ ಹೆಚ್ಚುಕಮ್ಮಿ ಇದನ್ನೇ ಹೇಳ್ತಿದೆ.

ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಡಿ. ಎಂಜಿನ್ ಆಫ್, ಇಗ್ನಿಷನ್ ಆನ್, ಗೇರ್ ಟಾಪ್‌ನಲ್ಲಿರಲಿ. ನ್ಯೂಟ್ರಲ್‌ನಲ್ಲಿದ್ದರೆ ಗೇರ್‌ಬಾಕ್ಸ್ ಮೇಲಿನ ಇನ್‌ಹಿಬಿಟರ್ ಸ್ವಿಚ್ ಕರೆಂಟನ್ನೇ ಬಿಡಲ್ಲ. ಸೊಲೆನಾಯ್ಡ್ ವೈರಿಗೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಏನನ್ನೂ ತೋರಿಸಲ್ಲ. ಸಾಮಾನ್ಯ ಮಲ್ಟಿಮೀಟರ್‌ನ 10 ಆಂಪಿಯರ್ ತೂತಿಗೆ ಕೈಹಾಕಬೇಡಿ, ಮೀಟರ್‌ನ ಫ್ಯೂಸ್ ಹೋಗುತ್ತೆ. ಸಹಾಯಕರೊಬ್ಬರು ಸ್ವಿಚ್ ಹಾಕಲಿ, ರೀಡಿಂಗ್ ನೋಡಿದ ತಕ್ಷಣ ಆಫ್ ಮಾಡಲಿ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬೇಡ.

ಒಂದು ಕ್ಷಣ ಮೇಲೇರಿ 1–2 ಆಂಪಿಯರ್‌ಗೆ ಇಳಿದರೆ ಸೊಲೆನಾಯ್ಡ್ ಕೆಲಸ ಸರಿಯಾಗಿದೆ. 15ರ ಮೇಲೇ ನಿಂತರೆ ಪ್ಲಂಜರ್ ಅಲುಗಿಸುವ ಲಿವರ್‌ನ ಹೊಂದಾಣಿಕೆ ತಪ್ಪಿದೆ, ಅಥವಾ ಪ್ಲಂಜರ್ ಜಿಡ್ಡು ಕಟ್ಟಿ ಬಿಗಿಯಾಗಿದೆ. ಮೊದಲಿಂದಲೂ 1–2 ಆಂಪಿಯರ್ ಮಾತ್ರ ತೋರಿಸಿ ಪ್ಲಂಜರ್ ಅಲುಗದಿದ್ದರೆ ಎಳೆಯುವ ವೈಂಡಿಂಗ್ ತುಂಡಾಗಿದೆ, ಇಲ್ಲವೇ ಒಳಗಿನ ಕಾಂಟ್ಯಾಕ್ಟ್ ಕರಕಲಾಗಿದೆ. ಟಕಟಕಟಕ ಅಂತ ನಿಲ್ಲದೆ ಬಡಿದುಕೊಂಡರೆ ಮೊದಲ ಅನುಮಾನ ಹಿಡಿದಿಡುವ ವೈಂಡಿಂಗ್ ಮೇಲೆ: ಎಳೆಯುತ್ತೆ, ಕಾಂಟ್ಯಾಕ್ಟ್ ತೆರೆಯುತ್ತೆ, ಹಿಡಿಯಲು ಏನೂ ಇಲ್ಲದೆ ಬೀಳುತ್ತೆ, ಮತ್ತೆ ಎಳೆಯುತ್ತೆ.

ಪ್ರಶ್ನೆ: ನೋಡಿದೆ ಸರ್. 17ರಲ್ಲೇ ನಿಲ್ಲುತ್ತೆ. ಕೆಳಗಿಂದ ಪ್ಲಂಜರನ್ನು ಕೈಯಲ್ಲಿ ಒತ್ತಿದರೆ 1.5ಕ್ಕೆ ಇಳಿಯುತ್ತೆ.

ಉತ್ತರ: ಹಾಗಾದರೆ ಎರಡು ವೈಂಡಿಂಗೂ ಕಾಂಟ್ಯಾಕ್ಟೂ ಚೆನ್ನಾಗಿವೆ. ಹೊಸ ಸೊಲೆನಾಯ್ಡ್‌ಗೆ ದುಡ್ಡು ಹಾಕಬೇಡಿ.

ಲಿವರ್ ಮುಟ್ಟುವ ಮೊದಲು ವೋಲ್ಟೇಜ್ ನೋಡಿ. ಸ್ವಿಚ್ ಹಾಕಿದಾಗ ಸೊಲೆನಾಯ್ಡ್ ಟರ್ಮಿನಲ್ ಮತ್ತು ಅದರ ಮೈ ನಡುವೆ ಎಷ್ಟಿದೆ? ಬ್ಯಾಟರಿ ವೋಲ್ಟೇಜಿಗೆ ಹೋಲಿಸಿದರೆ ಒಂದು ವೋಲ್ಟ್‌ಗಿಂತ ಜಾಸ್ತಿ ಇಳಿದಿದ್ದರೆ ರಿಲೇ ಕಾಂಟ್ಯಾಕ್ಟ್, ಬುಲೆಟ್ ಕನೆಕ್ಟರ್, ಅರ್ತ್ ಸ್ಟ್ರಾಪ್ ಸ್ವಚ್ಛಗೊಳಿಸಿ. ಗೇರ್‌ಬಾಕ್ಸ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರೋದರಿಂದ ಅರ್ತ್ ತಾನಾಗಿ ಸಿಗುತ್ತೆ ಅಂದುಕೊಳ್ಳಬೇಡಿ. 9 ವೋಲ್ಟ್‌ನಲ್ಲಿ ಎಳೆತ ಎಷ್ಟು ಸೊರಗುತ್ತೆ ಅಂದರೆ ಸರಿಯಾದ ಲಿವರ್ ಕೂಡ ತಪ್ಪಾಗಿ ಕಾಣುತ್ತೆ.

ಈಗ ಹೊಂದಾಣಿಕೆ. ಸೊಲೆನಾಯ್ಡ್ ಇರುವ ಅಡ್ಡ ಶಾಫ್ಟ್‌ನ ಎದುರು ತುದಿಯಲ್ಲಿ ತೂತಿರುವ ಸಣ್ಣ ಸೆಟ್ಟಿಂಗ್ ಲಿವರ್ ಇದೆ. ಸೊಲೆನಾಯ್ಡ್ ಎಳೆದಾಗ ಆ ತೂತು ಕೇಸಿಂಗ್‌ನ ತೂತಿಗೆ ಸರಿಯಾಗಿ ಎದುರಾಗಬೇಕು. ಎರಡಕ್ಕೂ ಸೇರಿ 3/16 ಇಂಚು, ಅಂದರೆ 4.76 ಮಿಮೀ ಪಿನ್ ತೂರಿಸಿ. ಆ ಅಳತೆಯ ಡ್ರಿಲ್ ಬಿಟ್‌ನ ಹಿಂಬದಿ ಸಾಕು. 5 ಮಿಮೀ ಹೋಗಲ್ಲ, 4.5 ಮಿಮೀ ಸಡಿಲವಾಗುತ್ತೆ. ಕರೆಂಟ್ ಆಫ್ ಇರಲಿ. ಸೊಲೆನಾಯ್ಡ್ ಬದಿಯ ಲಿವರ್‌ನ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ, ಪ್ಲಂಜರನ್ನು ಕೊನೆ ಮುಟ್ಟುವವರೆಗೆ ಒಳಗೆ ಒತ್ತಿ ಹಿಡಿದು, ಲಿವರ್‌ನ ಕವಲು ಪ್ಲಂಜರ್ ತುದಿಯ ಬೋಲ್ಟ್ ತಲೆಯನ್ನು ಮುಟ್ಟುವಂತಿಟ್ಟು ಬೋಲ್ಟ್ ಬಿಗಿ ಮಾಡಿ. ಶಾಫ್ಟ್‌ಗೆ ಅಕ್ಕಪಕ್ಕ ಕೂದಲೆಳೆಯಷ್ಟು ಸಡಿಲ ಉಳಿಯಲಿ. ಪಿನ್ ತೆಗೆದು ಮತ್ತೆ ಆಂಪಿಯರ್ ನೋಡಿ. ಪಿನ್ ತೆಗೆಯೋದು ಮರೆತು ಸ್ವಿಚ್ ಹಾಕೋರೇ ಜಾಸ್ತಿ!

ಆಂಪಿಯರ್ ಇಳಿದು, ತೂತುಗಳೂ ಎದುರಾಗಿ, ಆಮೇಲೂ ಓವರ್‌ಡ್ರೈವ್ ಬೀಳದಿದ್ದರೆ ತೊಂದರೆ ಎಣ್ಣೆಯ ಕಡೆಯದು: ಮಟ್ಟ, ಫಿಲ್ಟರ್, ಆಪರೇಟಿಂಗ್ ವಾಲ್ವ್. ವಾಲ್ವ್ ಮೇಲಿನ ಪ್ಲಗ್ ಬಿಚ್ಚುವ ಮುನ್ನ ಎಂಜಿನ್ ನಿಲ್ಲಿಸಿ ಸೊಲೆನಾಯ್ಡನ್ನು 10–12 ಸಲ ಆನ್-ಆಫ್ ಮಾಡಿ. ಒತ್ತಡ ಕೂಡಿಡುವ ಅಕ್ಯುಮ್ಯುಲೇಟರ್‌ನಲ್ಲಿ ಎಣ್ಣೆ ನೂರಾರು ಪಿಎಸ್‌ಐ ಒತ್ತಡದಲ್ಲಿ ಕಾದಿರುತ್ತೆ.

ಇನ್ನೊಂದು ಮಾತು. ಓವರ್‌ಡ್ರೈವ್ ಬಿದ್ದು ಬಿಡಿಸಿಕೊಳ್ಳದೆ ನಿಂತರೆ ಕಾರನ್ನು ಯಾವ ಕಾರಣಕ್ಕೂ ರಿವರ್ಸ್ ತೆಗೆಯಬೇಡಿ. ಒಂದೇ ದಿಕ್ಕಿಗೆ ತಿರುಗಲು ಬಿಡುವ ಒನ್-ವೇ ಕ್ಲಚ್ ಪುಡಿಯಾಗುತ್ತೆ, ಆಗ ನಿಜಕ್ಕೂ ಗೇರ್‌ಬಾಕ್ಸ್ ಇಳಿಸಬೇಕಾಗುತ್ತೆ.

ಮತ್ತೊಬ್ಬ ಸದಸ್ಯರು: ಸೊಲೆನಾಯ್ಡ್ ಬಿಚ್ಚಿ ಮೇಜಿನ ಮೇಲೆ ಪರೀಕ್ಷಿಸಿದರೆ ಸುಲಭ ಅಲ್ವಾ?

ಉತ್ತರ: ಮಾಡಬಹುದು, ಆದರೆ ಎ-ಟೈಪ್ ಮತ್ತು ಲೇಕಾಕ್‌ನದೇ ಇನ್ನೊಂದು ಮಾದರಿಯಾದ ಡಿ-ಟೈಪ್‌ನಲ್ಲಿ ಪ್ಲಂಜರ್ ಹೊರಗಿಟ್ಟು ಕರೆಂಟ್ ಕೊಡಬೇಡಿ. ಕಾಂಟ್ಯಾಕ್ಟ್ ತೆರೆಯೋದು ಪ್ಲಂಜರ್ ಒತ್ತಿದರೆ ಮಾತ್ರ. ಓಮ್ ಮೀಟರ್ ಇಟ್ಟರೆ ಸುಮ್ಮನಿರುವಾಗ ಒಂದು ಓಮ್‌ಗಿಂತ ಕಡಿಮೆ, ಪ್ಲಂಜರ್ ಪೂರ್ತಿ ಒತ್ತಿದಾಗ ಸರಿಸುಮಾರು 6ರಿಂದ 12 ಓಮ್ ಬರಬೇಕು. ಮೀಟರ್ ವೈರಿನದೇ 0.3 ಓಮ್ ಇರಬಹುದು, ಅದನ್ನು ಕಳೆಯಿರಿ.

ಮೊದಲ ಸದಸ್ಯರು: ಸ್ನೇಹಿತರ ಕಾರಲ್ಲಿ ಲೇಕಾಕ್‌ನ ಜೆ-ಟೈಪ್ ಓವರ್‌ಡ್ರೈವ್ ಇದೆ. ಅರ್ಧ ಗಂಟೆ ಓಡಿದ ಮೇಲೆ ತಾನಾಗೇ ಬಿಟ್ಟುಹೋಗುತ್ತೆ. ಅದಕ್ಕೂ ಇದೇ ಲಿವರ್ ಕೆಲಸವಾ?

ಉತ್ತರ: ಅದರಲ್ಲಿ ಲಿವರೂ ಇಲ್ಲ, ಹೊಂದಾಣಿಕೆಯೂ ಇಲ್ಲ. ಒಂದೇ ವೈಂಡಿಂಗ್, ಸುಮಾರು 2 ಆಂಪಿಯರ್, ಲೆಕ್ಕಕ್ಕೆ 6 ಓಮ್ ಆಸುಪಾಸು. ತಣ್ಣಗಿದ್ದಾಗ ಅಳೆದು ಸುಮ್ಮನಾಗಬೇಡಿ, ತೊಂದರೆ ಕಾಣಿಸಿಕೊಂಡಾಗಲೇ ಅಳೆಯಿರಿ. ತಾಮ್ರ 20ರಿಂದ 100 ಡಿಗ್ರಿಗೆ ಕಾದರೆ ಪ್ರತಿರೋಧ ಸುಮಾರು 30 ಶೇಕಡಾ ಏರುತ್ತೆ, ಹಾಗಾಗಿ 1.5 ಆಂಪಿಯರ್ ಕಂಡರೆ ಗಾಬರಿ ಬೇಡ. ಸೊನ್ನೆಗೆ ಬಿದ್ದರೆ, ಆಗಲೇ ಟರ್ಮಿನಲ್‌ನಲ್ಲಿ 12 ವೋಲ್ಟ್ ಇದ್ದರೆ, ವೈಂಡಿಂಗ್ ಬಿಸಿಗೆ ತುಂಡಾಗ್ತಿದೆ. ವೋಲ್ಟೇ ಇಲ್ಲದಿದ್ದರೆ ಇನ್‌ಹಿಬಿಟರ್ ಸ್ವಿಚ್ ಮತ್ತು ಅದರ ವೈರು ನೋಡಿ. ಕರೆಂಟ್ ಸರಿಯಿದ್ದೂ ಬಿಟ್ಟುಹೋದರೆ ಓ-ರಿಂಗ್ ಸೋರುತ್ತಿರಬಹುದು. ಬಿಸಿ ಎಣ್ಣೆ ತೆಳುವಾಗಿ ಒತ್ತಡ ನಿಲ್ಲಲ್ಲ. ಸೊಲೆನಾಯ್ಡ್ ಬಿಚ್ಚುವಾಗ 1 ಇಂಚಿನ ತೆಳು ಸ್ಪ್ಯಾನರನ್ನು ಅದರ ಬುಡದ ಚಪ್ಪಟೆ ಭಾಗಕ್ಕೇ ಹಾಕಿ. ಪೈಪ್ ರೆಂಚಿನಿಂದ ಸೊಲೆನಾಯ್ಡ್‌ನ ಡಬ್ಬಿಯನ್ನು ತಿರುಚಿದರೆ ಅದು ಕಿತ್ತು ಕೈಗೆ ಬರುತ್ತೆ, ಬುಡ ಕೇಸಿಂಗ್‌ನಲ್ಲೇ ಉಳಿಯುತ್ತೆ.