ಪದಚರ್ಚೆ: ಲೆಕ್ಕಪತ್ರದ ‘ರಿವ್ಯೂ’, ‘ಕಂಪೈಲೇಶನ್’ – ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ತುಮಕೂರು ಸುತ್ತಮುತ್ತಲಿನ ಸಣ್ಣ ಸೇವಾಸಂಸ್ಥೆಗಳ ವಾರ್ಷಿಕ ವರದಿಗಳನ್ನು ಕನ್ನಡಕ್ಕೆ ತರುತ್ತೇನೆ. ಸರ್ವಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದುವ ವರದಿ, ಕೇಳಿದೊಡನೆ ಅರ್ಥವಾಗಬೇಕು. ಆಡಿಟ್‌ಗೆ ತೊಂದರೆಯಿಲ್ಲ. ಸಹಕಾರ ಸಂಘಗಳ ದೆಸೆಯಿಂದ ‘ಲೆಕ್ಕಪರಿಶೋಧನೆ’ ಹಳ್ಳಿಗಳಲ್ಲೂ ಬಳಕೆಯಲ್ಲಿದೆ. ತೊಡಕಿರುವುದು ಅದಕ್ಕಿಂತ ಕೆಳಗಿನ ಎರಡು ಮೆಟ್ಟಿಲುಗಳಲ್ಲಿ, ಅಂದರೆ ರಿವ್ಯೂ ಮತ್ತು ಕಂಪೈಲೇಶನ್‌ಗಳಲ್ಲಿ.

ರಿವ್ಯೂನಲ್ಲಿ (ದೇಶದ ಸಿಎಗಳ ಸಂಸ್ಥೆ ಐಸಿಎಐ ಇದಕ್ಕೆ ರೂಪಿಸಿದ ಮಾನದಂಡ ಎಸ್‌ಆರ್‌ಇ 2400) ಲೆಕ್ಕಿಗರು ಆಡಳಿತ ಮಂಡಳಿಯವರನ್ನು ವಿಚಾರಿಸುತ್ತಾರೆ, ಅಂಕಿಗಳನ್ನು ಹೋದ ವರ್ಷದವುಗಳ ಜೊತೆ ಇಟ್ಟು ನೋಡುತ್ತಾರೆ, ಹೊಂದದಿದ್ದ ಕಡೆ ವಿವರಣೆ ಕೇಳುತ್ತಾರೆ. ಸಾಮಾನ್ಯವಾಗಿ ವೋಚರುಗಳನ್ನು ತಾಳೆ ನೋಡುವುದಿಲ್ಲ, ಶಿಲ್ಕು ಸರಿಯೇ ಎಂದು ಬ್ಯಾಂಕಿಗೆ ಬರೆದು ಕೇಳುವುದಿಲ್ಲ. ಸಿಗುವುದು ಸೀಮಿತ ಖಾತರಿ, ಅಂದರೆ ಆಡಿಟ್‌ಗಿಂತ ಕಡಿಮೆ ಮಟ್ಟದ ಭರವಸೆ. ಇದಕ್ಕೆ ಎಲ್ಲರೂ ‘ಪರಿಶೀಲನೆ’ ಎಂದು ಬರೆಯುತ್ತಾರೆ. ನನ್ನ ತಕರಾರು ಅಲ್ಲೇ. ‘ದಾಖಲಾತಿ ಪರಿಶೀಲನೆ’ ಎಂದರೆ ನಮ್ಮ ಜನಕ್ಕೆ ಮೂಲಪ್ರತಿ ಕೈಯಲ್ಲಿ ಹಿಡಿದು ಒಂದೊಂದನ್ನೂ ನೋಡುವುದು. ರಿವ್ಯೂನಲ್ಲಿ ಮಾಡದ ಕೆಲಸವನ್ನೇ ಆ ಪದ ಮಾಡಿದೆ ಎನ್ನುತ್ತದೆ! ‘ವಿಮರ್ಶೆ’ ಸಾಹಿತ್ಯದ ಪಾಲಾಗಿದೆ, ‘ಸಮೀಕ್ಷೆ’ ಸರ್ವೆಗೆ ಹೋಯಿತು. ‘ಲೆಕ್ಕಪತ್ರ ಅವಲೋಕನ’ ಎಂದರೆ ಮೇಲಿಂದ ಕಣ್ಣಾಡಿಸಿದ ಅರ್ಥ ಬರುತ್ತದೆ. ಸದ್ಯಕ್ಕೆ ನನ್ನ ಒಲವು ಅದಕ್ಕೆ.

ಕಂಪೈಲೇಶನ್ (ಐಸಿಎಐ ಮಾನದಂಡ ಎಸ್‌ಆರ್‌ಎಸ್ 4410) ಇನ್ನೂ ಕಷ್ಟ. ಸಂಸ್ಥೆ ಕೊಟ್ಟ ಮಾಹಿತಿಯನ್ನು ಜಮಾ-ಖರ್ಚು, ಅಢಾವೆ (ಬ್ಯಾಲೆನ್ಸ್ ಶೀಟ್) ಪತ್ರಿಕೆಗಳ ನಮೂನೆಗೆ ಇಳಿಸಿಕೊಡುವುದಷ್ಟೇ. ಖಾತರಿ ಯಾವುದೂ ಇಲ್ಲ. ‘ಸಂಕಲನ’ ಎಂದರೆ ಶಾಲೆಯ ಕೂಡುವ ಲೆಕ್ಕ, ಇಲ್ಲವೇ ಕಥಾಸಂಕಲನ. ‘ಕ್ರೋಡೀಕರಣ’ ಎಂದರೆ ಹಲವು ಶಾಖೆಗಳ ಲೆಕ್ಕ ಒಟ್ಟುಗೂಡಿಸಿದಂತೆ. ‘ಲೆಕ್ಕ ಬರೆದುಕೊಡುವುದು’ ಎಂಬ ಆಡುಮಾತು ಇವೆರಡಕ್ಕಿಂತ ನೇರವಾಗಿದೆ, ಆದರೆ ವರದಿಯ ಶಿರೋನಾಮೆಗೆ ಹೇಗೆ ಒಗ್ಗಿಸುವುದು?

ಇದು ಬರೀ ಪದದ ಹಟವಲ್ಲ. ಶಿರಾ ಕಡೆಯ ಒಂದು ಮಹಿಳಾ ಸಂಘದ ಸಭೆಯಲ್ಲಿ, ಬರೆದುಕೊಟ್ಟ ಲೆಕ್ಕವನ್ನೇ ತೋರಿಸಿ ಹಿರಿಯರೊಬ್ಬರು, “ಸಿಎ ಸೀಲ್ ಬಿದ್ದೈತಲ್ಲ, ಆಡಿಟ್ ಆದಂಗೇ ಬಿಡ್ರವ್ವ” ಅಂದರು. ಯಾರೂ ಎದುರಾಡಲಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ನೋಂದಣಾಧಿಕಾರಿಗೆ ಸಲ್ಲಿಸಬೇಕಾದ್ದು ಲೆಕ್ಕಪರಿಶೋಧನೆಯಾದ ಪತ್ರಗಳನ್ನೇ. ಚಂದಾ ಕೊಟ್ಟ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ಪದದಲ್ಲೇ ಕಾಣಬೇಕು.

ಇನ್ನೊಂದು ಕೇಳುವುದಿದೆ. ರಿವ್ಯೂ ವರದಿಯ ಕೊನೆಗೆ ‘ಲೆಕ್ಕ ಸರಿಯಿಲ್ಲ ಎಂದು ನಂಬುವಂಥದ್ದು ಯಾವುದೂ ನಮ್ಮ ಗಮನಕ್ಕೆ ಬಂದಿಲ್ಲ’ ಎಂಬ ಧಾಟಿಯ ವಾಕ್ಯ ಬರುತ್ತದೆ. ಓದಿದರೆ ಸಭೆಗೆ ಕೇಳಿಸುವುದು ‘ಲೆಕ್ಕ ಸರಿಯಿದೆ’ ಅಂತಲೇ. ಹಾಗಾಗಿ ಆ ವಾಕ್ಯದ ಮೊದಲಿಗೆ ‘ನಾವು ವಿಚಾರಿಸಿ ನೋಡಿದಷ್ಟರ ಮಟ್ಟಿಗೆ’ ಎಂದು ಸೇರಿಸುತ್ತಿದ್ದೇನೆ. ಸಹಕಾರ ಇಲಾಖೆಯಲ್ಲೋ ಲೆಕ್ಕಪರಿಶೋಧಕರ ಕಚೇರಿಯಲ್ಲೋ ಕೆಲಸ ಮಾಡಿದವರು ಇಲ್ಲಿದ್ದರೆ, ಆ ವಾಕ್ಯವನ್ನು ನೀವು ಕನ್ನಡದಲ್ಲಿ ಹೇಗೆ ಬರೆಯುತ್ತೀರಿ, ದಯವಿಟ್ಟು ತಿಳಿಸಿ.